ಸಿಮ್ ಕಾರ್ಡಿನ ಒಂದು ಮೂಲೆ ಯಾಕೆ ಕತ್ತರಿಸಿರುತ್ತೆ?

ಬಸ್ಸಲ್ಲೋ ಮೆಟ್ರೋದಲ್ಲೋ ಇಯರ್‌ಫೋನ್ ಹಾಕಿಕೊಂಡು ಕೇಳ್ತಾ ಇದ್ದೀರ ಅಂದ್ಕೊಳ್ತೀನಿ. ಶುರು ಮಾಡೋಕೆ ಮುಂಚೆ ಒಂದು ಸಣ್ಣ ಪ್ರಶ್ನೆ. ನಿಮ್ಮ ಫೋನಿನ ಸಿಮ್ ಕಾರ್ಡ್ ನೆನಪಿಸಿಕೊಳ್ಳಿ. ನಾಲ್ಕು ಮೂಲೆಯಲ್ಲಿ ಒಂದು ಮೂಲೆ ಮಾತ್ರ ಓರೆಯಾಗಿ ಕತ್ತರಿಸಿರುತ್ತೆ. ಯಾಕೆ?

ಚೆಂದಕ್ಕಲ್ಲ. ಫೋನಿನ ಟ್ರೇಯಲ್ಲೂ ಅದೇ ಮೂಲೆ ಓರೆಯಾಗಿದೆ. ಹಾಗಾಗಿ ಸಿಮ್ ಒಂದೇ ರೀತಿಯಲ್ಲಿ ಕೂರುತ್ತೆ. ಉಲ್ಟಾ ಇಟ್ಟರೆ ಕೂರಲ್ಲ, ಮಗುಚಿ ಇಟ್ಟರೂ ಕೂರಲ್ಲ. ಯಾವ ಮ್ಯಾನ್ಯುಯಲ್ಲೂ ಓದದ ನಮ್ಮಜ್ಜಿ ಕೂಡ ಅದನ್ನ ಸರಿಯಾಗಿ ಹಾಕ್ತಾರೆ. ಯಾಕಂದ್ರೆ ತಪ್ಪಾಗಿ ಹಾಕೋ ದಾರಿಯನ್ನೇ ಯಾರೋ ಮೊದಲೇ ಮುಚ್ಚಿಟ್ಟಿದ್ದಾರೆ. ನಮ್ಮ ಮನೆಯ ಮೂರು ಪಿನ್ನಿನ ಪ್ಲಗ್ ನೋಡಿ, ಅದೂ ಹಾಗೇ. ಮೇಲಿನ ಅರ್ಥಿಂಗ್ ಪಿನ್ ದಪ್ಪ, ಉದ್ದ. ಬೇರೆ ತೂತಿಗೆ ಅದು ಹೋಗೋದೇ ಇಲ್ಲ.

ಈಗ ಹಳೇ ಯುಎಸ್‌ಬಿ ನೆನಪಿಸಿಕೊಳ್ಳಿ. ಪೆನ್‌ಡ್ರೈವ್ ಇರುತ್ತಲ್ಲ, ಅದು. ಮೊದಲ ಸಲ ಹೋಗಲ್ಲ. ತಿರುಗಿಸಿದರೂ ಹೋಗಲ್ಲ. ಮತ್ತೆ ಮೊದಲಿನ ಥರ ಹಿಡಿದರೆ ಹೋಗುತ್ತೆ! ನಗಬೇಡಿ, ನಾವೆಲ್ಲ ಇದನ್ನ ಮಾಡಿದ್ದೀವಿ. ಯಾಕೆ ಹೀಗೆ ಅಂದ್ರೆ, ಅದು ಹೊರಗಿನಿಂದ ನೋಡೋಕೆ ಎರಡೂ ಕಡೆ ಒಂದೇ ಥರ ಇದೆ, ಒಳಗೆ ಮಾತ್ರ ಬೇರೆ. ಯುಎಸ್‌ಬಿ ರೂಪಿಸಿದ ತಂಡದಲ್ಲಿ ಮುಖ್ಯರಾಗಿದ್ದವರು ಅಜಯ್ ಭಟ್, ಬರೋಡಾದಲ್ಲಿ ಓದಿದವರು. ಎರಡೂ ಕಡೆಯಿಂದ ಹಾಕುವ ಹಾಗೆ ಯಾಕೆ ಮಾಡಲಿಲ್ಲ ಅಂತ ಅವರನ್ನ ಎಷ್ಟೋ ವರ್ಷ ಆದಮೇಲೆ ಕೇಳಿದರು. ಉತ್ತರ ಸರಳ: ಹಾಗೆ ಮಾಡಿದ್ದರೆ ವೈರು, ಸರ್ಕ್ಯೂಟ್ ಎಲ್ಲ ದುಪ್ಪಟ್ಟು ಬೇಕಾಗ್ತಿತ್ತು, ಖರ್ಚು ಏರ್ತಿತ್ತು. 2014ರಲ್ಲಿ ಯುಎಸ್‌ಬಿ-ಸಿ ಬಂದಾಗ 24 ಪಿನ್ ಇಟ್ಟರು, ಮೇಲೆ 12, ಕೆಳಗೆ 12. ಈಗ ನೀವು ಕತ್ತಲಲ್ಲಿ ನಿದ್ದೆಗಣ್ಣಲ್ಲೂ ಚಾರ್ಜರ್ ಚುಚ್ತೀರ.

ಅಂದ್ರೆ ಒಂದು ವಸ್ತು ಎರಡೂ ಕಡೆ ನಿಜವಾಗಿಯೂ ಒಂದೇ ಥರ ಇರಬೇಕು, ಇಲ್ಲ ಅಂದ್ರೆ ಬೇರೆ ಅಂತ ಕೈಗೇ ಗೊತ್ತಾಗಬೇಕು. ನಡುವಿನದ್ದು ಇದೆಯಲ್ಲ, ಒಂದೇ ಥರ ಕಾಣುತ್ತೆ ಆದರೆ ಒಂದೇ ಅಲ್ಲ ಅನ್ನೋದು, ಅದೇ ತಲೆನೋವು. ನೀವು ಪೆನ್‌ಡ್ರೈವ್‌ನಲ್ಲಿ ದಿನಕ್ಕೆ ಒಂದು ಸಲ ಒದ್ದಾಡ್ತೀರ. ಫ್ಯಾಕ್ಟರಿಯಲ್ಲಿ ಇಂಥದ್ದನ್ನ ಶಿಫ್ಟಿಗೆ ನೂರು ಸಲ ಜೋಡಿಸೋರು ಇರ್ತಾರೆ. ಇವತ್ತಿನ ಮಾತು ಅವರ ಬಗ್ಗೆ. ನಾನು ಇಂಜಿನಿಯರ್ ಅಲ್ಲ, ಬಿ.ಕಾಂ. ಆದರೂ ಈ ವಿಷಯ ಯಾಕೆ ಅಂದ್ರೆ, ಈ ಕಥೆಯಲ್ಲಿ ಒಂದು ತಪ್ಪು ಲೆಕ್ಕ ಬರೆದವನು ನಾನೇ.

ಡಿಗ್ರಿ ಮುಗಿದ ಮೇಲೆ ನನ್ನ ಮೊದಲ ಕೆಲಸ ಪೀಣ್ಯದಲ್ಲಿ. ಸಣ್ಣ ಕಂಪನಿ, ಎಮರ್ಜೆನ್ಸಿ ಲೈಟ್ ಮಾಡ್ತಿದ್ದರು. ಕರೆಂಟ್ ಹೋದಾಗ ತಾನೇ ಹತ್ತಿಕೊಳ್ಳುತ್ತಲ್ಲ, ಅದು. ಕೆಳಗೆ ಅಸೆಂಬ್ಲಿ ಲೈನ್, ಹನ್ನೆರಡು ಜನ ಹೆಣ್ಣುಮಕ್ಕಳು. ಮೇಲೆ ಮೆಟ್ಟಿಲು ಹತ್ತಿದರೆ ಆಫೀಸು, ಅಲ್ಲಿ ನಾನು ಅಕೌಂಟ್ಸ್ ಅಸಿಸ್ಟೆಂಟ್.

ಲೈಟಿನ ಒಳಗೆ ಜಾಸ್ತಿ ಏನಿಲ್ಲ. ಒಂದು ಬ್ಯಾಟರಿ, ಒಂದು ಎಲ್‌ಇಡಿ ಪಟ್ಟಿ, ನಡುವೆ ಒಂದು ಸರ್ಕ್ಯೂಟ್ ಬೋರ್ಡ್. ಬೋರ್ಡಿನ ಎರಡು ತುದಿಯಲ್ಲಿ ಎರಡು ಸಾಕೆಟ್. ಒಂದಕ್ಕೆ ಬ್ಯಾಟರಿ ವೈರ್, ಇನ್ನೊಂದಕ್ಕೆ ಎಲ್‌ಇಡಿ ವೈರ್ ಚುಚ್ಚಬೇಕು. ಮೊದಲು ಈ ಎರಡು ಕನೆಕ್ಟರ್ ಬೇರೆ ಬೇರೆ ಸೈಜಿನವು ಇದ್ದವು. ಒಂದು ದಿನ ಪರ್ಚೇಸ್‌ನವರು ಬಂದು, ಎರಡಕ್ಕೂ ಒಂದೇ ಕನೆಕ್ಟರ್ ತಗೊಂಡರೆ ಒಟ್ಟಿಗೆ ಜಾಸ್ತಿ ಕ್ವಾಂಟಿಟಿ ಆಗುತ್ತೆ, ರೇಟ್ ಇಳಿಯುತ್ತೆ ಅಂದರು. ಎರಡು ಕೊಟೇಷನ್ ಪಕ್ಕಪಕ್ಕ ಇಟ್ಟು ಸ್ಟೇಟ್‌ಮೆಂಟ್ ಮಾಡಿದ್ದು ನಾನು. ಪೀಸಿಗೆ 40 ಪೈಸೆ ಉಳಿತಾಯ. ಓನರ್ ಖುಷಿಯಾಗಿ, 'ನೋಡಪ್ಪ, ಹೀಗೆ ಯೋಚನೆ ಮಾಡಬೇಕು' ಅಂದರು. ನನಗೂ ಕಾಲು ನೆಲದ ಮೇಲೆ ಇರಲಿಲ್ಲ ಬಿಡಿ.

ಆಮೇಲೆ ಏನಾಯ್ತು ನೀವೇ ಊಹಿಸಿ. ಎರಡೂ ಬಿಳಿ ಕನೆಕ್ಟರ್, ಎರಡಕ್ಕೂ ಎರಡೆರಡು ಪಿನ್, ಎರಡಕ್ಕೂ ಕೆಂಪು-ಕಪ್ಪು ವೈರ್. ಬ್ಯಾಟರಿದು ಎಲ್‌ಇಡಿ ಸಾಕೆಟ್ಟಿಗೆ, ಎಲ್‌ಇಡಿದು ಬ್ಯಾಟರಿ ಸಾಕೆಟ್ಟಿಗೆ ಆರಾಮಾಗಿ ಕೂರುತ್ತೆ. ಹಾಗೆ ಹಾಕಿದರೆ ಟೆಸ್ಟಿಂಗ್ ಟೇಬಲ್ ಮೇಲೆ ಬೋರ್ಡ್ ಸುಟ್ಟುಹೋಗುತ್ತೆ. ಸುಮಾರು ನೂರಕ್ಕೆ ಒಂದು ಹಾಗೆ ಹೋಗೋಕೆ ಶುರುವಾಯ್ತು. ಬೋರ್ಡಿನ ಬೆಲೆ 90 ರೂಪಾಯಿ.

ರಿಜೆಕ್ಷನ್ ರಿಜಿಸ್ಟರ್ ಅಂತ ಒಂದಿತ್ತು. ಅದರಲ್ಲಿ 'ಕಾರಣ' ಅನ್ನೋ ಕಾಲಂ. ಸೂಪರ್‌ವೈಸರ್ ಹೇಳಿದ್ದನ್ನ ನಾನು ತುಂಬಬೇಕು. ಪ್ರತಿ ಸಲ ಒಂದೇ ಉತ್ತರ: ಆಪರೇಟರ್ ತಪ್ಪು. ಆ ಟೇಬಲ್ಲಿನಲ್ಲಿ ಕೂರ್ತಿದ್ದವರು ಒಬ್ಬ ಅಕ್ಕ. ನನಗಿಂತ ಹದಿನೈದು ವರ್ಷಕ್ಕೆ ದೊಡ್ಡವರು, ಆದರೂ ನನ್ನನ್ನ 'ಸಾರ್' ಅಂತಲೇ ಕರೀತಿದ್ದರು. ರಿಜೆಕ್ಷನ್ ಇಲ್ಲದಿದ್ದರೆ ತಿಂಗಳಿಗೆ 600 ರೂಪಾಯಿ ಇನ್ಸೆಂಟಿವ್ ಸಿಗ್ತಿತ್ತು. ಎರಡು ತಿಂಗಳು ಅವರದ್ದು ಕಟ್ ಆಯ್ತು. ಕಟ್ ಮಾಡಿದ ಶೀಟ್ ನಂದೇ. ಅವರು ಮೇಲೆ ಬಂದು ಕೇಳಿದರು: 'ಸಾರ್, ಎರಡೂ ಒಂದೇ ಥರ ಇದ್ದರೆ ನಾನೇನು ಮಾಡ್ಲಿ ಹೇಳಿ?' ನಾನು 'ಸ್ವಲ್ಪ ನೋಡಿಕೊಂಡು ಮಾಡಿ ಅಕ್ಕ' ಅಂದೆ. ಆ ಮಾತು ಈಗ ನೆನಪಾದರೆ ಮೈ ಉರಿಯುತ್ತೆ.

ಲೆಕ್ಕ ನೋಡಿ. ಪೀಸಿಗೆ ಉಳಿಸಿದ್ದು 40 ಪೈಸೆ. ನೂರಕ್ಕೆ ಒಂದು ಬೋರ್ಡ್, 90 ರೂಪಾಯಿ ಅಂದ್ರೆ ಪೀಸಿಗೆ 90 ಪೈಸೆ ನಷ್ಟ. ಬಿಚ್ಚಿ ಮತ್ತೆ ಜೋಡಿಸೋ ಸಮಯ ಬೇರೆ. ಉಳಿತಾಯದ ಎರಡರಷ್ಟಕ್ಕಿಂತ ಹೆಚ್ಚು ಕೈಬಿಟ್ಟು ಹೋಗ್ತಿತ್ತು. ಇದು ಯಾಕೆ ಯಾರ ಕಣ್ಣಿಗೂ ಬೀಳಲಿಲ್ಲ? ಉಳಿತಾಯ ಹೋಗಿ ಕೂತಿದ್ದು ಖರೀದಿ ಲೆಕ್ಕದಲ್ಲಿ, ನಷ್ಟ ಹೋಗಿ ಕೂತಿದ್ದು ರಿಜೆಕ್ಷನ್ ಲೆಕ್ಕದಲ್ಲಿ. ಎರಡು ಬೇರೆ ಪುಟ. ನನ್ನ ಕಾಸ್ಟ್ ಅಕೌಂಟಿಂಗ್ ಪುಸ್ತಕದಲ್ಲಿ ಮೆಟೀರಿಯಲ್ಲು, ಲೇಬರ್ರು, ಓವರ್‌ಹೆಡ್ಡು ಎಲ್ಲ ಇತ್ತು. ಆದರೆ 'ಡಿಸೈನ್ ಮಾಡಿದವರ ಕಡೆಯಿಂದ ಬಂದ ಖರ್ಚು' ಅನ್ನೋ ಸಾಲು ಎಲ್ಲೂ ಇರಲಿಲ್ಲ.

ಆಮೇಲೆ ಬಸ್ಸಲ್ಲಿ ಹೋಗ್ತಾ ಬರ್ತಾ ಯೂಟ್ಯೂಬಲ್ಲಿ ಇದನ್ನೇ ಹುಡುಕ್ತಾ ಹೋದೆ. ಇದಕ್ಕೆ ದೊಡ್ಡ ಶಾಸ್ತ್ರವೇ ಇದೆ ಅಂತ ಆಗ ಗೊತ್ತಾಯ್ತು. ಜೆಫ್ರಿ ಬೂತ್ರಾಯ್ಡ್ ಅಂತ ಒಬ್ಬರು ಪ್ರೊಫೆಸರ್. 1970ರ ದಶಕದ ಕೊನೆಯಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದಲ್ಲಿ ಅವರು ಮಾಡಿದ ಕೆಲಸ ಕೇಳಿದರೆ ಮೊದಲು ತಮಾಷೆ ಅನ್ನಿಸುತ್ತೆ. ಒಬ್ಬ ಮನುಷ್ಯ ಒಂದು ಬಿಡಿಭಾಗವನ್ನ ಕೈಗೆತ್ತಿಕೊಂಡು ಸರಿಯಾಗಿ ತಿರುಗಿಸಿ ಕೂರಿಸೋಕೆ ಎಷ್ಟು ಸೆಕೆಂಡ್ ಬೇಕು ಅಂತ ಪಟ್ಟಿ ಮಾಡಿದ್ದು. ಭಾಗ ಎಷ್ಟು ದಪ್ಪ, ಎಷ್ಟು ಚಿಕ್ಕದು, ಒಂದಕ್ಕೊಂದು ಸಿಕ್ಕಿಕೊಳ್ಳುತ್ತಾ, ಸರಿಯಾಗಿ ಕೂರೋಕೆ ಎಷ್ಟು ಡಿಗ್ರಿ ತಿರುಗಿಸಬೇಕಾಗಬಹುದು, ಎಲ್ಲಕ್ಕೂ ಅಂಕಿ. ಆಮೇಲೆ ಪೀಟರ್ ಡ್ಯೂಹರ್ಸ್ಟ್ ಅನ್ನೋರು ಜೊತೆಯಾದರು. 1991ರಲ್ಲಿ ಇಬ್ಬರಿಗೂ ಅಮೆರಿಕದ ರಾಷ್ಟ್ರೀಯ ತಂತ್ರಜ್ಞಾನ ಪದಕ ಸಿಕ್ಕಿತು.

ಅವರ ವಿಧಾನದ ಜೀವ ಇರೋದು ಮೂರು ಪ್ರಶ್ನೆಯಲ್ಲಿ. ಒಂದು ವಸ್ತುವನ್ನ ಬಿಚ್ಚಿ ಟೇಬಲ್ ಮೇಲೆ ಹರಡಿ, ಪ್ರತಿ ಭಾಗಕ್ಕೂ ಕೇಳಬೇಕು. ನೀನು ಪಕ್ಕದವನಿಗಿಂತ ಬೇರೆಯಾಗಿ ಅಲುಗಾಡಲೇಬೇಕಾ? ನೀನು ಬೇರೆ ಮೆಟೀರಿಯಲ್ಲೇ ಆಗಿರಬೇಕಾ? ನೀನು ಬೇರೆ ತುಂಡಾಗಿ ಇರದಿದ್ದರೆ ಉಳಿದದ್ದನ್ನ ಜೋಡಿಸೋಕೆ ಅಥವಾ ಬಿಚ್ಚೋಕೆ ಆಗಲ್ವಾ? ಮೂರಕ್ಕೂ 'ಇಲ್ಲ' ಅಂದ್ರೆ, ತಾತ್ವಿಕವಾಗಿ ಆ ಭಾಗ ಇರಬೇಕಾಗಿಲ್ಲ. ಪಕ್ಕದ್ದರ ಜೊತೆ ಸೇರಿಸಿ ಒಂದೇ ಮಾಡಬಹುದು.

ನಮ್ಮ ಎಮರ್ಜೆನ್ಸಿ ಲೈಟಿಗೆ ಇದನ್ನ ಹಚ್ಚಿ ನೋಡಿದೆ. ಬ್ಯಾಟರಿ ಬೇಕು, ಅದರೊಳಗಿನ ವಸ್ತುವೇ ಬೇರೆ. ಬೋರ್ಡ್, ಎಲ್‌ಇಡಿ ಪಟ್ಟಿ ಬೇಕು. ಪ್ಲಾಸ್ಟಿಕ್ ಮೇಲ್ಭಾಗ, ಕೆಳಭಾಗ ಬೇಕು, ಇಲ್ಲಾಂದ್ರೆ ಒಳಗೆ ಏನೂ ಇಡೋಕಾಗಲ್ಲ. ಸ್ಕ್ರೂಗಳು? ಆರು ಸ್ಕ್ರೂ ಇದ್ದವು. ಅಲುಗಾಡಬೇಕಾಗಿಲ್ಲ. ಬೇರೆ ಲೋಹವೇ ಆಗಬೇಕಾಗಿಲ್ಲ. ಪ್ಲಾಸ್ಟಿಕ್ಕಿಗೇ ಕೊಕ್ಕೆ ಮಾಡಿದ್ದರೆ, ರಿಮೋಟಿನ ಬ್ಯಾಟರಿ ಮುಚ್ಚಳದ ಥರ ಟಕ್ ಅಂತ ಕೂರ್ತಿತ್ತು. ಬ್ಯಾಟರಿ ಹಿಡಿಯೋಕೆ ಒಂದು ತಗಡಿನ ಪಟ್ಟಿ, ಅದಕ್ಕೆ ಎರಡು ವಾಷರ್. ಅವೂ ಪರೀಕ್ಷೆಯಲ್ಲಿ ಫೇಲ್.

ಈ ಯೋಚನೆಯನ್ನ ದೊಡ್ಡದಾಗಿ ಮಾಡಿ ತೋರಿಸಿದ್ದು ಐಬಿಎಂ. ಅವರ ಮೊದಲ ಪಿ.ಸಿ. ಜೊತೆ ಮಾರುತ್ತಿದ್ದ ಪ್ರಿಂಟರ್ ಜಪಾನಿನ ಎಪ್ಸನ್ ಮಾಡಿದ್ದು. ತಾವೇ ಮಾಡೋಣ ಅಂತ ಹೊರಟು, 1985ರಲ್ಲಿ ಪ್ರೊಪ್ರಿಂಟರ್ ತಂದರು. ನಾರ್ತ್ ಕ್ಯಾರೊಲಿನಾದ ಶಾರ್ಲೆಟ್‌ನಲ್ಲಿ ರೋಬೋಗಳು ಜೋಡಿಸೋ ಕಾರ್ಖಾನೆ. ರೋಬೋಗೆ ಸ್ಕ್ರೂ ತಿರುಗಿಸೋದು ಕಷ್ಟ, ಅದಕ್ಕೆ ಬಿಡಿಭಾಗಗಳು ಒಂದರ ಮೇಲೊಂದು ಮೇಲಿನಿಂದ ಇಳಿದು ಟಕ್ ಟಕ್ ಅಂತ ಕೂರೋ ಹಾಗೆ ಡಿಸೈನ್ ಮಾಡಿದರು. ಹಳೇ ಪ್ರಿಂಟರ್ ಜೋಡಿಸೋಕೆ ಹೆಚ್ಚುಕಮ್ಮಿ ಅರ್ಧ ಗಂಟೆ ಹಿಡೀತಿದ್ದರೆ, ಇದಕ್ಕೆ ಸುಮಾರು ಮೂರು ನಿಮಿಷ. ಮಜಾ ಎಲ್ಲಿದೆ ಅಂದ್ರೆ, ಅದು ಎಷ್ಟು ಸುಲಭ ಆಯ್ತು ಅಂದ್ರೆ ಮನುಷ್ಯರೇ ಕೈಯಲ್ಲಿ ಸಲೀಸಾಗಿ ಜೋಡಿಸಬಹುದಿತ್ತು. ಯಾರಿಗೋಸ್ಕರ ಇಷ್ಟೆಲ್ಲ ಮಾಡಿದರೋ ಆ ರೋಬೋಗಳ ಅಗತ್ಯವೇ ಅಷ್ಟಾಗಿ ಉಳಿಯಲಿಲ್ಲ.

ಹಾಗಾದ್ರೆ ಎಲ್ಲರೂ ಸ್ಕ್ರೂ ಯಾಕೆ ಬಿಡಲ್ಲ? ನನ್ನ ತಲೆಯಲ್ಲೂ ಇದೇ ಬಂತು. ಉತ್ಸಾಹದಲ್ಲಿ ಓನರ್ ಹತ್ರ ಹೋಗಿ ಕೊಕ್ಕೆ ವಿಷಯ ಹೇಳಿದೆ. ಅವರು ಬೈಲಿಲ್ಲ. 'ಡೈ ಬದಲಾಯಿಸೋಕೆ ಎಷ್ಟಾಗುತ್ತೆ ಗೊತ್ತಾ?' ಅಂದರು. ಒಂದೂವರೆ ಲಕ್ಷ. ಪ್ಲಾಸ್ಟಿಕ್ ಕರಗಿಸಿ ಸುರಿಯೋ ಅಚ್ಚಿಗೆ ನಮ್ಮಲ್ಲಿ ಡೈ ಅಂತಾರೆ. ಕೊಕ್ಕೆ ಬೇಕಂದ್ರೆ ಅದನ್ನ ಮತ್ತೆ ಕೆತ್ತಿಸಬೇಕು.

ಕೂತು ಲೆಕ್ಕ ಹಾಕಿದೆ. ಆರು ಸ್ಕ್ರೂ, ಒಂದಕ್ಕೆ 30 ಪೈಸೆ, ಒಟ್ಟು 1 ರೂಪಾಯಿ 80 ಪೈಸೆ. ಒಂದು ಸ್ಕ್ರೂ ಎತ್ತಿ ಇಟ್ಟು ಬಿಗಿಯೋಕೆ 8 ಸೆಕೆಂಡ್, ಆರಕ್ಕೆ 48 ಸೆಕೆಂಡ್. ತಿಂಗಳಿಗೆ 15,000 ಸಂಬಳ, 26 ದಿನ, ದಿನಕ್ಕೆ 8 ಗಂಟೆ ಅಂದ್ರೆ ನಿಮಿಷಕ್ಕೆ ಸುಮಾರು 1 ರೂಪಾಯಿ 20 ಪೈಸೆ. ಆ 48 ಸೆಕೆಂಡಿನ ಬೆಲೆ 96 ಪೈಸೆ. ಎರಡೂ ಸೇರಿ ಪೀಸಿಗೆ 2 ರೂಪಾಯಿ 76 ಪೈಸೆ ಉಳಿಯುತ್ತೆ. ಒಂದೂವರೆ ಲಕ್ಷ ವಾಪಸ್ ಬರೋಕೆ 54 ಸಾವಿರಕ್ಕೂ ಹೆಚ್ಚು ಲೈಟ್ ಮಾರಬೇಕು. ಆ ಮಾಡೆಲ್ ವರ್ಷಕ್ಕೆ ಹೋಗ್ತಿದ್ದದ್ದೇ 8 ಸಾವಿರ. ಓನರ್ ದಡ್ಡರೇನಲ್ಲ.

ಆದರೆ ಆ ಲೆಕ್ಕದಲ್ಲಿ 96 ಪೈಸೆ ಅನ್ನೋದನ್ನ ಇನ್ನೊಂದು ಸಲ ನೋಡಿ. ಮನುಷ್ಯನ ಮುಕ್ಕಾಲು ನಿಮಿಷದ ಮೇಲೆ ಸಮಯ, ಒಂದು ರೂಪಾಯಿಗೂ ಕಮ್ಮಿ. ಕೂಲಿ ಇಷ್ಟು ಕಡಿಮೆ ಇರೋ ಕಡೆ ಕೆಟ್ಟ ಡಿಸೈನ್ ಸುಲಭವಾಗಿ ಬಚಾವಾಗುತ್ತೆ. ಐಬಿಎಂನವರಿಗೆ ಅರ್ಧ ಗಂಟೆ ಉಳಿಸಲೇಬೇಕಿತ್ತು, ಅವರ ಗಂಟೆಗೆ ಬೆಲೆ ಇತ್ತು. ನಮ್ಮಲ್ಲಿ ಡಿಸೈನಿನ ಓರೆಕೋರೆಯನ್ನೆಲ್ಲ ಯಾರೋ ಅಕ್ಕಂದಿರ ಬೆರಳು ಸರಿಮಾಡುತ್ತೆ ಅಂತ ಬಿಟ್ಟುಬಿಡ್ತೀವಿ.

ಕೊಕ್ಕೆಯೇ ಶ್ರೇಷ್ಠ ಅಂತಲೂ ಅಲ್ಲ. ಕೊಕ್ಕೆ ಮುರಿದರೆ ಮುಗೀತು, ಸ್ಕ್ರೂ ಆದರೆ ಬಿಚ್ಚಬಹುದು. ಫ್ಯಾಕ್ಟರಿಗೆ ಸುಲಭ ಆದದ್ದು ರಿಪೇರಿಯವರಿಗೆ ಸುಲಭ ಆಗಬೇಕು ಅಂತೇನಿಲ್ಲ. ನಿಮ್ಮ ಫೋನಿನ ಹಿಂಬದಿ ಗಾಜನ್ನ ಅಂಟು ಹಾಕಿ ಕೂರಿಸಿರ್ತಾರಲ್ಲ, ಲೈನಿನಲ್ಲಿ ಅದು ಬೇಗ ಆಗುತ್ತೆ. ಬ್ಯಾಟರಿ ಬದಲಾಯಿಸೋವಾಗ ಅದನ್ನ ಬಿಸಿ ಮಾಡಿ ಎಬ್ಬಿಸೋ ಕಷ್ಟ ಅಂಗಡಿಯವನದ್ದು. ಬೆಂಗಳೂರಿನ ಎಸ್‌.ಪಿ. ರೋಡಿನ ಕಡೆ ಹೋದರೆ ಯಾವುದಾದ್ರೂ ಮೊಬೈಲ್ ರಿಪೇರಿ ಟೇಬಲ್ ಪಕ್ಕ ಐದು ನಿಮಿಷ ನಿಂತು ನೋಡಿ. ಬಿಚ್ಚಿದ ಸ್ಕ್ರೂಗಳನ್ನ ಆಯಸ್ಕಾಂತದ ಮ್ಯಾಟ್ ಮೇಲೆ, ಫೋನಲ್ಲಿ ಎಲ್ಲಿತ್ತೋ ಅದೇ ಜಾಗದಲ್ಲಿ ಸಾಲಾಗಿ ಇಡ್ತಾರೆ. ಯಾಕೆ ಅಂದ್ರೆ ಐಫೋನಿನ ಒಳಗೆ ಬೇರೆ ಬೇರೆ ಉದ್ದದ ಸ್ಕ್ರೂ ಇರುತ್ತೆ, ಕಣ್ಣಿಗೆ ವ್ಯತ್ಯಾಸ ಗೊತ್ತಾಗಲ್ಲ. ಉದ್ದದ್ದನ್ನ ಗಿಡ್ಡದ ತೂತಿಗೆ ಹಾಕಿ ಬಿಗಿದರೆ ಅದು ಬೋರ್ಡಿನ ಒಳಗಿನ ತಾಮ್ರದ ಗೆರೆಯನ್ನೇ ಕತ್ತರಿಸಿಬಿಡುತ್ತೆ. ರಿಪೇರಿಯವರ ಭಾಷೆಯಲ್ಲಿ ಇದಕ್ಕೆ ಹೆಸರೇ ಇದೆ: ಲಾಂಗ್ ಸ್ಕ್ರೂ ಡ್ಯಾಮೇಜ್. ನನ್ನ ಬಿಳಿ ಕನೆಕ್ಟರಿನ ಅಣ್ಣ ಇದು.

ಇಲ್ಲೊಂದು ಸಿಕ್ಕು ಇದೆ, ಗಮನಿಸಿ. ಬಿಡಿಭಾಗದ ವೆರೈಟಿ ಕಮ್ಮಿ ಮಾಡಿ, ಎಲ್ಲ ಕಡೆ ಒಂದೇ ಸ್ಕ್ರೂ, ಒಂದೇ ಕನೆಕ್ಟರ್ ಬಳಸಿ ಅಂತ ಇದೇ ಶಾಸ್ತ್ರ ಹೇಳುತ್ತೆ. ನಮ್ಮ ಪರ್ಚೇಸ್‌ನವರು ಮಾಡಿದ್ದೂ ಅದೇ. ಸ್ಕ್ರೂ ವಿಷಯದಲ್ಲಿ ಅದು ಸರಿ, ಎಲ್ಲವೂ ಒಂದೇ ಉದ್ದ ಇದ್ದರೆ ಅದಲುಬದಲಾದರೂ ಏನೂ ಆಗಲ್ಲ. ಕನೆಕ್ಟರ್ ವಿಷಯದಲ್ಲಿ ಅದೇ ನಿಯಮ ಬೋರ್ಡ್ ಸುಡುತ್ತೆ. ಅದಲುಬದಲಾದರೆ ಏನಾಗುತ್ತೆ ಅನ್ನೋ ಪ್ರಶ್ನೆಯನ್ನ ಕೊಟೇಷನ್ ಹೋಲಿಸೋವಾಗ ಕೇಳಬೇಕಿತ್ತು. ನಾನು ಕೇಳಲಿಲ್ಲ.

ತಪ್ಪಾಗದ ಹಾಗೆ ಡಿಸೈನ್ ಮಾಡಿದರೂ ತಪ್ಪು ಆಗಬಹುದು, ಅದನ್ನೂ ಹೇಳಿಬಿಡ್ತೀನಿ. 2013ರ ಜುಲೈ 2ರಂದು ಬೈಕನೂರಿನಿಂದ ರಷ್ಯಾದ ಪ್ರೋಟಾನ್ ರಾಕೆಟ್ ಹಾರಿತು, ಮೂರು ಗ್ಲೋನಾಸ್ ಉಪಗ್ರಹ ಹೊತ್ತು. ಟಿ.ವಿ.ಯಲ್ಲಿ ಲೈವ್. ಅರ್ಧ ನಿಮಿಷದ ಆಸುಪಾಸಿನಲ್ಲಿ ತಲೆಕೆಳಗಾಗಿ ನೆಲಕ್ಕೆ ಬಿದ್ದು ಉರಿದುಹೋಯ್ತು. ತನಿಖೆಯಲ್ಲಿ ಗೊತ್ತಾಗಿದ್ದು: ರಾಕೆಟ್ ಯಾವ ಕಡೆ ತಿರುಗ್ತಿದೆ ಅಂತ ಹೇಳೋ ಸೆನ್ಸರ್‌ಗಳಲ್ಲಿ ಮೂರನ್ನ ಉಲ್ಟಾ ಕೂರಿಸಿದ್ದರು. ಅವುಗಳ ಮೇಲೆ ಬಾಣದ ಗುರುತು ಇತ್ತು. ಉಲ್ಟಾ ಹಾಕಿದರೆ ಸರಿಯಾಗಿ ಕೂರದ ಹಾಗೂ ಮಾಡಿದ್ದರು. ಆದರೂ ಬಲವಂತವಾಗಿ ಒತ್ತಿ ಕೂರಿಸಿದ ಗುರುತುಗಳು ಸಿಕ್ಕವು. ಸಿಮ್ ಕಾರ್ಡಿನ ಮೂಲೆ ಇದ್ದೂ ಯಾರೋ ಒತ್ತಿಬಿಟ್ಟ ಹಾಗೆ. ಇದನ್ನ ಓದಿದಾಗ ನನಗೆ ಬಂದ ಯೋಚನೆ: ಆ ಮನುಷ್ಯನಿಗೆ 'ಇದು ಕೂರ್ತಾ ಇಲ್ಲ' ಅಂತ ಹೇಳೋಕೆ ಯಾರಾದ್ರೂ ಇದ್ದರಾ? ಹೇಳಿದ್ದರೆ 'ನೋಡಿಕೊಂಡು ಮಾಡು' ಅಂತಿದ್ದರಾ?

ನಮ್ಮ ಪೀಣ್ಯದ ಕಥೆ ಹೇಗೆ ಮುಗೀತು ಹೇಳ್ತೀನಿ. ಊರಹಬ್ಬಕ್ಕೆ ಅಂತ ಆ ಅಕ್ಕ ಒಂದು ವಾರ ರಜೆ ಹಾಕಿದರು. ಅವರ ಜಾಗಕ್ಕೆ ಬೇರೆಯವರು ಕೂತರು. ರಿಜೆಕ್ಷನ್ ಕಮ್ಮಿ ಆಗಬೇಕಿತ್ತಲ್ವಾ? ಮೂರು ಪಟ್ಟಾಯ್ತು. ನಾನು ಮೊದಲ ಸಲ ಕೆಳಗಿಳಿದು ಆ ಟೇಬಲ್ ಹತ್ರ ಹೋದೆ. ಡ್ರಾಯರಿನಲ್ಲಿ ಒಂದು ಕೆಂಪು ನೇಲ್ ಪಾಲಿಶ್ ಬಾಟಲ್ ಇತ್ತು. ಪಕ್ಕದವರು ಹೇಳಿದರು: ಅವರು ಬೆಳಿಗ್ಗೆ ಬಂದು ಬ್ಯಾಟರಿ ಕನೆಕ್ಟರ್‌ಗಳಿಗೆಲ್ಲ ಒಂದೊಂದು ಚುಕ್ಕೆ ಇಟ್ಟುಕೊಂಡು ಕೆಲಸ ಶುರು ಮಾಡ್ತಿದ್ದರಂತೆ. ಸೂಪರ್‌ವೈಸರ್ ಒಂದು ಸಲ ನೋಡಿ 'ಮಾಲಿಗೆ ಬಣ್ಣ ಹಚ್ಚಬೇಡ' ಅಂತ ಬೈದಿದ್ದರಂತೆ. ಆಮೇಲೆ ಅವರು ಕಾಣದ ಹಾಗೆ ಸಣ್ಣದಾಗಿ ಇಡ್ತಿದ್ದರು. ಚುಕ್ಕೆ ಇಡೋಕೆ ಟೈಮ್ ಸಿಗದ ದಿನ ಬೋರ್ಡ್ ಸುಡ್ತಿತ್ತು. ನೂರಕ್ಕೆ ಮೂರು ಹೋಗಬೇಕಾದದ್ದನ್ನ ಅವರು ಒಂದಕ್ಕೆ ಇಳಿಸಿದ್ದರು, ಸ್ವಂತ ನೇಲ್ ಪಾಲಿಶ್‌ನಲ್ಲಿ. ಅದಕ್ಕೆ ನಾವು ಇನ್ಸೆಂಟಿವ್ ಕಟ್ ಮಾಡಿದ್ದೆವು.

ಆ ಬಾಟಲ್ ತಗೊಂಡು ಓನರ್ ಟೇಬಲ್ ಮೇಲೆ ಇಟ್ಟೆ. ಬೋರ್ಡ್ ಡಿಸೈನ್ ಮಾಡಿಕೊಡ್ತಿದ್ದವರಿಗೆ ಫೋನ್ ಹೋಯ್ತು. ಅವರು ಎರಡು ನಿಮಿಷದಲ್ಲಿ ಉತ್ತರ ಕೊಟ್ಟರು: ಸಾಕೆಟ್‌ಗಳು ಎರಡು ತುದಿಯಲ್ಲಿವೆ, ಎರಡೂ ವೈರ್ ಗಿಡ್ಡ ಮಾಡಿ, ತಪ್ಪು ಸಾಕೆಟ್ಟಿಗೆ ಎಟುಕೋದೇ ಇಲ್ಲ. ಡೈ ಬದಲಾಯಿಸಬೇಕಾಗಿಲ್ಲ, ಕನೆಕ್ಟರ್ ಬದಲಾಯಿಸಬೇಕಾಗಿಲ್ಲ. ವೈರ್ ಇನ್ನೂ ಉಳೀತು. ಮುಂದಿನ ತಿಂಗಳು ಆ ಕಾರಣಕ್ಕೆ ಒಂದು ಬೋರ್ಡೂ ಹೋಗಲಿಲ್ಲ.

ಕಟ್ ಮಾಡಿದ 1,200 ರೂಪಾಯಿ ವಾಪಸ್ ಕೊಡೋಣ ಅಂತ ಕೇಳಿದೆ. 'ಹೋದ ತಿಂಗಳುಗಳದ್ದು ಕ್ಲೋಸ್ ಆಗಿದೆ, ಯಾವ ಹೆಡ್‌ನಲ್ಲಿ ತೋರಿಸ್ತೀಯ?' ಅಂದರು. ನನ್ನ ಹತ್ರ ಹೆಡ್ ಇರಲಿಲ್ಲ. ನಾನು ಆ ಕೆಲಸ ಬಿಡೋವರೆಗೂ ರಿಜಿಸ್ಟರಿನ ಆ ಪುಟಗಳಲ್ಲಿ ನನ್ನ ಕೈಬರಹದಲ್ಲೇ 'ಆಪರೇಟರ್ ತಪ್ಪು' ಅಂತಲೇ ಇತ್ತು.

ನೀವು ಕೆಲಸ ಮಾಡೋ ಕಡೆ, ಮನೆಯಲ್ಲಿ, ಅಂಗಡಿಯಲ್ಲಿ ಯಾರಾದ್ರೂ ಹೀಗೆ ಚುಕ್ಕೆ ಇಟ್ಟುಕೊಂಡು, ದಾರ ಕಟ್ಟಿಕೊಂಡು, ಟೇಪ್ ಸುತ್ತಿಕೊಂಡು ಕೆಲಸ ಸಾಗಿಸ್ತಿದ್ದರೆ ಅದರ ಫೋಟೋ ತೆಗೆದು ಕಳಿಸಿ, ಜೊತೆಗೆ ಯಾಕೆ ಹಾಗೆ ಮಾಡಿದರು ಅಂತ ಒಂದು ಸಾಲು ಬರೀರಿ. ಮುಂದಿನ ಸಂಚಿಕೆಯಲ್ಲಿ ಅವನ್ನ ಓದೋಣ.